ಎಲ್ಲರ ಮನೆಗೂ ಹೋಗುವ ಚಿಕ್ಕಮಾವ

"ಈ ಚಿಕ್ಕಮಾವ ಯಾರು?" ಎಂದು ಕೇಳಿದೆ.

ಮ್ಯಾನೇಜರಮ್ಮ ಕನ್ನಡಕ ಸರಿಮಾಡಿಕೊಂಡು ನನ್ನ ಕಂಪ್ಯೂಟರಿನತ್ತ ಬಗ್ಗಿದರು. "ನಮ್ಮಪ್ಪನ ತಮ್ಮ. ನನಗೆ ಚಿಕ್ಕಪ್ಪ, ನಮ್ಮನೆಯವರಿಗೆ ಚಿಕ್ಕಮಾವ. ಅವರ ಸುದ್ದಿ ಇಲ್ಲಿ ಯಾಕೆ ಬಂತು?"

"ನಿಮ್ಮ ಆ್ಯಪ್ ತುಂಬ ಅವರೇ ಓಡಾಡ್ತಿದ್ದಾರೆ. ಮಾವ ಇದ್ದಾರೆ, ಅತ್ತೆ ಇದ್ದಾರೆ, ಭಾವಮೈದ ಇದ್ದಾನೆ. ನಾನು ಕೋಡ್ ಓದ್ತಿದ್ದೀನೋ, ಯಾರದೋ ಮದುವೆಮನೆಗೆ ಬಂದು ಕೂತಿದ್ದೀನೋ ಗೊತ್ತಾಗ್ತಿಲ್ಲ."

ಅವರ ಮುಖ ಕೆಂಪಾಯಿತು. ಎದುರು ಕುರ್ಚಿಯಲ್ಲಿ ಸ್ಪ್ಯಾನರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಉದ್ದಣ್ಣನಿಗೆ ನಗು ಬಂತು, ಬಂದಷ್ಟೇ ಬೇಗ ನುಂಗಿಕೊಂಡ. ಒಂದು ವಾರದಿಂದ ಅವನು ನಗುವುದನ್ನೇ ಬಿಟ್ಟಿದ್ದ.

ಕಾರಣ ಇಷ್ಟು: ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಲಿಫ್ಟ್ ಬಾರದೆಯೇ ಲಿಫ್ಟಿನ ಬಾಗಿಲು ತೆರೆದುಕೊಂಡು, ದರ್ಜಿಯಮ್ಮ ಒಬ್ಬರು ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಿದ್ದರು. ಆ ಬಾಗಿಲಿನ ಬೀಗ ಸರಿಯಾಗಿದೆ ಎಂದು ಹಿಂದಿನ ದಿನವಷ್ಟೇ ಒಪ್ಪಿಗೆ ಒತ್ತಿದವನು ಲಿಫ್ಟ್ ಮೆಕ್ಯಾನಿಕ್ ಉದ್ದಣ್ಣ ಎಂದು ಕಂಪನಿಯ ಆ್ಯಪ್ ಹೇಳುತ್ತಿತ್ತು. ಬೀಗವನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಊಟದ ಹೊತ್ತಿಗೆ ಲಿಫ್ಟ್ ಇನ್ಸ್‌ಪೆಕ್ಟರ್ ಬರುವವರಿದ್ದರು. ಅವರು ಬಂದಾಗಲೂ ಆ ದಾಖಲೆ ಹಾಗೆಯೇ ನಿಂತಿದ್ದರೆ ಉದ್ದಣ್ಣನ ಲೈಸೆನ್ಸು ಅಲ್ಲೇ ರದ್ದು. ಮತ್ತೆ ಜನ್ಮದಲ್ಲಿ ಅವನ ಕೈಗೆ ಯಾರೂ ಮೆಷಿನ್ ರೂಮಿನ ಕೀಲಿ ಕೊಡುವುದಿಲ್ಲ.

ನನ್ನನ್ನು ಜಾಡಮ್ಮ ಅನ್ನುತ್ತಾರೆ. ಯಾರೋ ಬರೆದು, ಬಿಟ್ಟುಹೋದ ಕೋಡಿನಲ್ಲಿ ತಪ್ಪಿನ ಜಾಡು ಹಿಡಿಯುವುದು ನನ್ನ ಹೊಟ್ಟೆಪಾಡು. ಇನ್ನೊಬ್ಬರ ಕೋಡ್ ಓದುವುದೆಂದರೆ ಇನ್ನೊಬ್ಬರ ಅಡುಗೆಮನೆಯಲ್ಲಿ ಅಡುಗೆಗೆ ನಿಂತ ಹಾಗೆ. ಉಪ್ಪು ಎಲ್ಲಿಟ್ಟಿದ್ದಾರೆ ಎಂದು ಹುಡುಕುವುದರಲ್ಲೇ ಅರ್ಧ ಆಯಸ್ಸು ಹೋಗುತ್ತದೆ, ಸಿಕ್ಕ ಮೇಲೆ ಬೈಯುವುದಕ್ಕೆ ಇಟ್ಟವರು ಎದುರಿಗಿರುವುದಿಲ್ಲ.

ಈ ಸಲ ಇಟ್ಟವರು ತೀರಾ ದೂರ ಇರಲಿಲ್ಲ. ಆ್ಯಪ್ ಬರೆದವನು ಈ ಮ್ಯಾನೇಜರಮ್ಮನ ಗಂಡ, ಅಂದರೆ ಕಂಪನಿಯ ಯಜಮಾನರ ಅಳಿಯ. ಮಾವನ ಮನೆಯಲ್ಲಿ ಬಾಯಿ ಬಿಟ್ಟು ಹೇಳಲಾಗದ್ದನ್ನೆಲ್ಲ ಕೋಡಿನಲ್ಲಿ ಹೆಸರಿಟ್ಟು ತೀರಿಸಿಕೊಂಡಿದ್ದ. 'ಮಾವ' ಎಂಬುದು ಅನುಮತಿ. ಅದಿಲ್ಲದೆ ಅಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. 'ಅತ್ತೆ'ಯಲ್ಲಿ ದೂರುಗಳು ಕೂಡಿಬೀಳುತ್ತಿದ್ದವು, ಎಂದೂ ಖಾಲಿಯಾಗುತ್ತಿರಲಿಲ್ಲ. 'ಭಾವಮೈದ'ನನ್ನು ಆರಂಭದಲ್ಲೇ ಕರೆದು ಕೂರಿಸಿದ್ದ, ಆಮೇಲೆ ಎಲ್ಲೂ ಒಂದು ಕೆಲಸ ಕೊಟ್ಟಿರಲಿಲ್ಲ.

"ನನ್ನ ಹೆಸರು ಎಲ್ಲೂ ಇಲ್ವಾ?" ಮ್ಯಾನೇಜರಮ್ಮ ಮೆಲ್ಲಗೆ ಕೇಳಿದರು.

"ಹುಡುಕಿದೆ. ಇಲ್ಲ."

ಅದರಿಂದ ಅವರಿಗೆ ಸಮಾಧಾನವಾಯಿತೋ ಬೇಜಾರಾಯಿತೋ ಹೇಳುವುದು ಕಷ್ಟ.

"ಅಕ್ಕಾ, ಇದೆಲ್ಲ ಏನು ಅಂತ ನನಗೂ ಸ್ವಲ್ಪ ಹೇಳಿ" ಎಂದ ಉದ್ದಣ್ಣ. "ನನ್ನ ತಲೆ ಮೇಲೆ ಬೀಳೋದು ಏನು ಅಂತನಾದ್ರೂ ಗೊತ್ತಿರಲಿ."

"ಇವೆಲ್ಲ ವೇರಿಯಬಲ್‌ಗಳು. ಅಡುಗೆಮನೆ ಡಬ್ಬಿ ಅಂದ್ಕೊಳ್ಳಿ. ಡಬ್ಬಿ ಮೇಲಿನ ಹೆಸರು ಬದಲಾಗಲ್ಲ, ಒಳಗಿರೋದು ಮಾತ್ರ ಕೊನೆಗೆ ಯಾರು ಏನು ಹಾಕಿದ್ರೋ ಅದೇ. ಈ ಚಿಕ್ಕಮಾವ ಅನ್ನೋ ಡಬ್ಬಿಯೊಳಗೆ ಇರೋದು ಆ್ಯಪ್ ತೆರೆದವರ ಹೆಸರು. ದರ್ಜಿಯಮ್ಮನ ಕಟ್ಟಡದ ದಾಖಲೆಗೆ ನಿಮ್ಮ ಹೆಸರು ಹೋಗಿರೋದು ಈ ಡಬ್ಬಿಯಿಂದ."

"ನಾನು ಅವತ್ತು ಆ ಬೀದಿಗೇ ಕಾಲಿಟ್ಟಿಲ್ಲ. ಕಣ್ಣಿನ ಆಸ್ಪತ್ರೆ ಲಿಫ್ಟಲ್ಲಿದ್ದೆ."

ಮ್ಯಾನೇಜರಮ್ಮ ಬೇಸರದಿಂದ ತಲೆಯಾಡಿಸಿದರು. "ಇದನ್ನ ನೀವು ಹೇಳ್ತಾನೇ ಇದ್ದೀರ ಉದ್ದಣ್ಣ. ನಾನೂ ನಿಮ್ಮ ಹೆಸರು ಹಾಕಿ ಹುಡುಕಿದ್ದೀನಿ. ಅವತ್ತು ಬೆಳಿಗ್ಗೆ ನಿಮ್ಮ ಹೆಸರಲ್ಲಿ ಬರೋದು ದರ್ಜಿಯಮ್ಮನ ಕಟ್ಟಡ ಒಂದೇ. ಕಣ್ಣಿನ ಆಸ್ಪತ್ರೆ ಬರಲ್ಲ."

"ಆಸ್ಪತ್ರೆಯವರನ್ನ ಕೇಳಿ ಮೇಡಂ."

"ಕೇಳಿದ್ದಾಯ್ತಲ್ಲ. ಯಾರೋ ಬಂದಿದ್ರು, ಮುಖ ನೋಡಿಲ್ಲ ಅಂದ್ರು."

"ಲಿಫ್ಟ್ ರಿಪೇರಿಯವನ ಮುಖ ಯಾರು ನೋಡ್ತಾರೆ?" ಎಂದು ಉದ್ದಣ್ಣ ನನ್ನ ಕಡೆ ತಿರುಗಿದ. "ಒಂದೋ ತಾರಸಿ ಮೇಲೆ ಮೆಷಿನ್ ರೂಮಲ್ಲಿರ್ತೀನಿ, ಇಲ್ಲಾ ಗುಂಡಿಯೊಳಗಿರ್ತೀನಿ. ಜನಕ್ಕೆ ಕಾಣೋದು 'ಲಿಫ್ಟ್ ಕೆಟ್ಟಿದೆ' ಅನ್ನೋ ಬೋರ್ಡು ಮಾತ್ರ."

ದರ್ಜಿಯಮ್ಮನ ಕಟ್ಟಡದ ದಾಖಲೆಗೆ ಅಂಟಿಕೊಂಡಿದ್ದ ಫೋಟೋದಲ್ಲಿ ಕಾಣುತ್ತಿದ್ದುದು ಮಸುಕು ಮಸುಕಾದ ಒಂದು ಬೀಗ. ಅದು ಯಾವ ಲಿಫ್ಟಿನದ್ದಾದರೂ ಆಗಬಹುದಿತ್ತು. ಉಳಿದ ಮೆಕ್ಯಾನಿಕ್‌ಗಳೆಲ್ಲ ಅವತ್ತು ಆ ಕಡೆ ತಲೆಯೇ ಹಾಕಿಲ್ಲ ಎಂದು ಕೈ ತೊಳೆದುಕೊಂಡಿದ್ದರು. ಯಾರು ಯಾವಾಗ ಬಂದರು, ಹೋದರು ಎಂದು ಬರೆದಿಡುವ ಅಭ್ಯಾಸವೂ ಈ ಆ್ಯಪ್‌ಗೆ ಇರಲಿಲ್ಲ, ಅಳಿಯ ಅದನ್ನು ಕಲಿಸಿರಲಿಲ್ಲ. ಹಾಗಾಗಿ ನನಗೆ ಉಳಿದಿದ್ದ ಸಾಕ್ಷಿ ಚಿಕ್ಕಮಾವ ಒಬ್ಬನೇ.

ಗೋಡೆಗೆ ಒಂದು ದೊಡ್ಡ ಬಿಳಿ ಹಾಳೆ ಅಂಟಿಸಿ, ಕೆಂಪು ಮತ್ತು ನೀಲಿ ಪೆನ್ನು ತೆಗೆದುಕೊಂಡೆ. ಕೋಡಿನಲ್ಲಿ ಎಲ್ಲೆಲ್ಲಿ ಚಿಕ್ಕಮಾವನ ಕಿವಿಗೆ ಹೆಸರು ಹಾಕುತ್ತಾರೋ ಅಲ್ಲಿ ಕೆಂಪು ಚುಕ್ಕೆ. ಎಲ್ಲೆಲ್ಲಿ ಅವನ ಬಾಯಿಂದ ಹೆಸರು ಕೇಳಿಕೊಳ್ಳುತ್ತಾರೋ ಅಲ್ಲಿ ನೀಲಿ ಚುಕ್ಕೆ. ಜಾಡು ಹಿಡಿಯುವುದಕ್ಕೆ ಇದಕ್ಕಿಂತ ದೊಡ್ಡ ವಿದ್ಯೆ ನನಗೆ ಗೊತ್ತಿಲ್ಲ.

ಕೆಂಪು ಚುಕ್ಕೆ ಬಿದ್ದದ್ದು ಒಂದೇ. ಯಾರೇ ಯಾವುದೇ ಪುಟ ತೆರೆಯಲಿ, ಅವರ ಹೆಸರು ತಕ್ಷಣ ಚಿಕ್ಕಮಾವನಿಗೆ ಹೋಗುತ್ತಿತ್ತು. ನೀಲಿ ಚುಕ್ಕೆಗಳು ಮಾತ್ರ ಬೇಕಾದಷ್ಟು. ಪುಟದ ತಲೆಯ ಮೇಲೆ 'ನಮಸ್ಕಾರ' ಹೇಳುವಾಗ ಒಂದು, ಹೊಸ ದೂರು ಬರೆದುಕೊಳ್ಳುವಾಗ ಒಂದು, ರಜೆ ಕೇಳುವಾಗ ಒಂದು. ಒಂದೊಂದನ್ನೂ ಓದಿದೆ. ಎಲ್ಲ ಕಡೆಯೂ ಹೆಸರು ಹಾಕಿದ ಬೆನ್ನಿಗೇ ಕೇಳಿಕೊಳ್ಳುತ್ತಿದ್ದರು. ನಡುವೆ ಉಸಿರು ಬಿಡುವಷ್ಟೂ ಹೊತ್ತಿಲ್ಲ, ಹಾಗಾಗಿ ತಪ್ಪಿಗೂ ಜಾಗವಿಲ್ಲ.

ಕೊನೆಯ ನೀಲಿ ಚುಕ್ಕೆಯ ಹತ್ತಿರ ಬಂದಾಗ ಪೆನ್ನು ನಿಂತಿತು.

ಅದು 'ಕೆಲಸ ಮುಗಿಯಿತು' ಎಂದು ಒತ್ತುವ ಜಾಗ. ಅಲ್ಲಿ ಮೆಕ್ಯಾನಿಕ್ ಪುಟ ತೆರೆದಾಗ ಹೆಸರು ಚಿಕ್ಕಮಾವನಿಗೆ ಹೋಗುತ್ತದೆ. ಆಮೇಲೆ ಬೀಗದ ಫೋಟೋ ಬರುವವರೆಗೆ ಆ್ಯಪ್ ಕಾಯುತ್ತದೆ. ಫೋಟೋ ಪೂರ್ತಿ ಬಂದ ಮೇಲೆ ಚಿಕ್ಕಮಾವನ ಹತ್ತಿರ ಹೋಗಿ, ಈ ಕೆಲಸ ಮಾಡಿದ್ದು ಯಾರು ಎಂದು ಕೇಳಿ ಬರೆದುಕೊಳ್ಳುತ್ತದೆ.

"ಉದ್ದಣ್ಣ, ಫೋಟೋ ಹೋಗೋಕೆ ಎಷ್ಟು ಹೊತ್ತು ಬೇಕು?"

"ಗುಂಡಿಯೊಳಗೆ ಸಿಗ್ನಲ್ ಎಲ್ಲಿ ಬರುತ್ತೆ ಅಕ್ಕಾ. 'ಕೆಲಸ ಮುಗಿಯಿತು' ಅಂತ ಒತ್ತಿ ಫೋನ್ ಜೇಬಲ್ಲಿಟ್ಟು, ಸಾಮಾನು ಎಲ್ಲ ಕಟ್ಟಿಕೊಂಡು ಮೇಲೆ ಬಂದು ನೋಡಿದ್ರೆ ಇನ್ನೂ ತಿರುಗ್ತಾನೇ ಇರುತ್ತೆ."

ಆ ನೀಲಿ ಚುಕ್ಕೆಯ ಸುತ್ತ ಒಂದು ವೃತ್ತ ಎಳೆದೆ. ಆ ಫೋಟೋ ತಿರುಗುತ್ತಿರುವಾಗ ಇನ್ನೊಬ್ಬರು ಎಲ್ಲೋ ಕೂತು ಸುಮ್ಮನೆ ತಮ್ಮ ಪುಟ ತೆರೆದರೆ? ಚಿಕ್ಕಮಾವ ಒಬ್ಬೊಬ್ಬರಿಗೆ ಒಬ್ಬನಿದ್ದರೆ ಏನೂ ಆಗದು. ಎಲ್ಲರಿಗೂ ಒಬ್ಬನೇ ಆಗಿದ್ದರೆ ಕಥೆ ಬೇರೆ. ಸರ್ವರ್ ಒಂದೇ ಓಡುತ್ತಿದೆಯೋ, ಒಬ್ಬೊಬ್ಬರಿಗೆ ಬೇರೆ ಬೇರೆ ಓಡುತ್ತಿದೆಯೋ ಎಂಬುದು ಕೋಡಿನಲ್ಲಿ ಇರಲಿಲ್ಲ. ಅದನ್ನು ಕಟ್ಟಿ ನಿಲ್ಲಿಸಿದವನೇ ಹೇಳಬೇಕು.

"ನಿಮ್ಮ ಮನೆಯವರು ಎಲ್ಲಿ ಸಿಕ್ತಾರೆ?"

"ಕೆಳಗೇ ಇದ್ದಾರೆ, ತಮ್ಮ ಚೆಸ್ ಕ್ಲಾಸಲ್ಲಿ" ಎಂದರು ಮ್ಯಾನೇಜರಮ್ಮ. "ಅಪ್ಪನ ಜೊತೆ ಮಾತು ಬಿಟ್ಟ ಮೇಲೆ ಈ ಮಹಡಿ ಹತ್ತಲ್ಲ. ನೀವೇ ಹೋಗಿ ಕೇಳಿ. ನಾನು ಕೇಳಿದ್ರೆ ಚೆಸ್ ಬೋರ್ಡ್ ಬಿಟ್ಟು ಬೇರೆಲ್ಲ ಹಾರುತ್ತೆ."

ನಾನು ಮೆಟ್ಟಿಲಿಳಿದೆ.

ನೆಲಮಹಡಿಯ ಹಾಲಿನಲ್ಲಿ ಸಾಲು ಮೇಜುಗಳು, ಪ್ರತಿಯೊಂದರ ಮೇಲೂ ಜೋಡಿಸಿಟ್ಟ ಕಾಯಿಗಳು. ಕ್ಲಾಸು ಸಂಜೆಗೆ. ಅಳಿಯ ಕಿಟಕಿಯ ಹತ್ತಿರ ಒಬ್ಬನೇ ಕೂತು ಎರಡೂ ಕಡೆಯಿಂದ ತಾನೇ ಆಡುತ್ತಿದ್ದ. ನೋಡಲು ಸಾಧು ಮನುಷ್ಯ. ಅಂಗಿಯ ತೋಳು ಅಚ್ಚುಕಟ್ಟಾಗಿ ಮಡಿಸಿದ್ದ.

"ಬನ್ನಿ, ಕೂತ್ಕೊಳ್ಳಿ. ನೀವು ಜಾಡಮ್ಮ ಇರಬೇಕು. ಮೇಲಿನ ಸುದ್ದಿ ನಿಮಗಿಂತ ಬೇಗ ಮೆಟ್ಟಿಲು ಇಳಿಯುತ್ತೆ."

"ನಿಮ್ಮ ಮಾವನ ಮನೆಯವರೆಲ್ಲ ಕೋಡಲ್ಲಿ ಸಿಕ್ಕಿದ್ರು. ಭಾವಮೈದನಿಗೆ ಒಂದು ಕೆಲಸ ಕೊಡಬಹುದಿತ್ತು."

ಆತ ನಕ್ಕ. "ನಿಜವಾದವನಿಗೇ ಯಾರೂ ಕೊಟ್ಟಿಲ್ಲ, ನಾನೆಲ್ಲಿಂದ ಕೊಡಲಿ? ಅದನ್ನ ಯಾರೂ ಓದಲ್ಲ ಅಂದ್ಕೊಂಡಿದ್ದೆ."

"ಓದೋದೇ ನನ್ನ ಕೆಲಸ. ಚಿಕ್ಕಮಾವ ಎಂಥವರು?"

"ಬೆಳಿಗ್ಗೆ ಒಬ್ಬರ ಮನೇಲಿ ತಿಂಡಿ, ಮಧ್ಯಾಹ್ನ ಇನ್ನೊಬ್ಬರ ಮನೇಲಿ ಊಟ. ಕೊನೆಗೆ ಯಾರ ಮನೇಲಿ ಕೂತಿದ್ರೋ ಅವರ ಮಾತೇ ಬಾಯಲ್ಲಿ."

"ನಾನು ಕೇಳಿದ್ದು ವೇರಿಯಬಲ್ ಬಗ್ಗೆ."

"ನಾನು ಹೇಳಿದ್ದೂ ಅದನ್ನೇ."

ಕೈಯಲ್ಲಿದ್ದ ಕುದುರೆಯನ್ನು ಆತ ಇಡಲಿಲ್ಲ. ಬೆರಳುಗಳ ನಡುವೆ ತಿರುಗಿಸುತ್ತಾ ಕೂತ. ನಾನು ಸುತ್ತಿ ಬಳಸಲಿಲ್ಲ.

"ಎಲ್ಲರಿಗೂ ಒಬ್ಬರೇನಾ?"

"ಒಬ್ಬರೇ. ಸರ್ವರೂ ಒಂದೇ."

"ಫೋಟೋ ಬರೋದು ತಡ ಆದ್ರೆ, ಆ ಹೊತ್ತಲ್ಲಿ ಇನ್ನೊಬ್ಬರು ಪುಟ ತೆರೆದ್ರೆ, ಹೆಸರು ಬದಲಾಗುತ್ತೆ ಅಂತ ಗೊತ್ತಿತ್ತಾ?"

"ಈಗ ನೀವು ಕೇಳಿದ ಕೂಡಲೇ ಗೊತ್ತಾಯ್ತು." ಕುದುರೆಯನ್ನು ಇನ್ನೊಂದು ಸುತ್ತು ತಿರುಗಿಸಿ ಹೇಳಿದ, "ಬರೆಯುವಾಗ ಕಂಪನಿಲಿ ಇದ್ದದ್ದು ಉದ್ದಣ್ಣ ಒಬ್ಬರೇ. ಒಬ್ಬ ಮೆಕ್ಯಾನಿಕ್‌ಗೆ ಒಬ್ಬ ಚಿಕ್ಕಮಾವ, ಅಡ್ಡ ಬರೋರು ಯಾರೂ ಇರಲಿಲ್ಲ. ಆಮೇಲೆ ಜನ ಹೆಚ್ಚಾದ್ರು. ಫೋಟೋ ಬೇಕು ಅಂದ್ರು ಮಾವ, ಅವಸರದಲ್ಲಿ ಸೇರಿಸಿದೆ. ಚಿಕ್ಕಮಾವನ್ನ ಹಾಗೇ ಬಿಟ್ಟೆ."

ಇದನ್ನು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಜಗತ್ತಿನ ಅರ್ಧ ಅನಾಹುತಗಳು ಇಷ್ಟೇ ಸಣ್ಣ ಉದಾಸೀನದಿಂದ ಆಗುತ್ತವೆ, ಮಾಡಿದವರು ಇಷ್ಟೇ ತಣ್ಣಗೆ ಹೇಳುತ್ತಾರೆ.

"ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಬೀಳ್ತಿದೆ ಸ್ವಾಮಿ. ವಾರದಿಂದ ನಿಮ್ಮ ತಲೆ ಮೇಲಿನ ಮಹಡಿಯಲ್ಲಿ ಅವರನ್ನ ಸುಳ್ಳುಗಾರ ಅಂತಿದ್ದಾರೆ. ಒಂದು ಸಲ ಮೇಲೆ ಬಂದು ಕೋಡ್ ನೋಡಬಾರದಿತ್ತಾ?"

"ಯಾರು ಕರೆದ್ರು? ಆ ಮನೆಯವರು ನನ್ನನ್ನ ಬಿಟ್ಟ ಹಾಗೇ ನಾನೂ ಅದನ್ನ ಬಿಟ್ಟೆ. ಎರಡು ವರ್ಷ ಆಯ್ತು ಆ ಆ್ಯಪ್ ತೆರೆದು ನೋಡಿ. ಪಾಸ್‌ವರ್ಡೂ ನೆನಪಿಲ್ಲ."

"ಹಾಗಾದ್ರೆ ಅವತ್ತು ದರ್ಜಿಯಮ್ಮನ ಕಟ್ಟಡಕ್ಕೆ ಒಪ್ಪಿಗೆ ಒತ್ತಿದ್ದು ಯಾರು?"

"ಅದು ನಿಮ್ಮ ಕೆಲಸ. ಉದ್ದಣ್ಣ ಅಲ್ಲ, ಅಷ್ಟು ಮಾತ್ರ ಹೇಳ್ತೀನಿ."

"ಅಷ್ಟು ಖಚಿತವಾಗಿ?"

"ಬೀಗ ಮುಟ್ಟದೆ ಮುಟ್ಟಿದೆ ಅನ್ನೋ ಜಾತಿಯಲ್ಲ ಅವರದ್ದು. ನಾನು ಬಲ್ಲೆ." ಕುದುರೆಯನ್ನು ಕೊನೆಗೂ ಒಂದು ಮನೆಯಲ್ಲಿಟ್ಟ. "ಈಗ ನೀವು ಹೇಳಿದ್ದನ್ನ ಇನ್ಸ್‌ಪೆಕ್ಟರಿಗೆ ತೋರಿಸೋಕಾಗುತ್ತಾ?"

"ಸರ್ವರಿನ ಇನ್ನೊಂದು ಪ್ರತಿ ಎಬ್ಬಿಸಿದ್ರೆ ಆಗುತ್ತೆ."

ಆತ ಅದನ್ನು ಹೇಗೆ ಎಬ್ಬಿಸಬೇಕೆಂದು ಬರೆದುಕೊಟ್ಟ. ಬರೆಯುವಾಗ ಕೈ ಒಂದಿಷ್ಟೂ ತಡವರಿಸಲಿಲ್ಲ. ಕಾಗದ ನನ್ನ ಕೈಗಿಟ್ಟು ಬೆನ್ನನ್ನು ಕುರ್ಚಿಗೆ ಆನಿಸಿ ಉಸಿರು ಬಿಟ್ಟ. ನನಗಿಂತ ಮೊದಲು ಆತನಿಗೇ ಹಗುರವಾದಂತೆ ಕಂಡಿತು. ನಾನು ಅದನ್ನು ಒಳ್ಳೆಯ ಮನಸ್ಸು ಎಂದುಕೊಂಡು ಮೆಟ್ಟಿಲು ಹತ್ತಿದೆ.

ಲಿಫ್ಟ್ ಇನ್ಸ್‌ಪೆಕ್ಟರ್ ಕೂಡ ಮೆಟ್ಟಿಲು ಹತ್ತಿಯೇ ಬಂದರು. ಲಿಫ್ಟುಗಳ ಬಗ್ಗೆ ಅಷ್ಟು ತಿಳಿದವರು ಅವುಗಳನ್ನು ಹತ್ತದಿರುವುದು ನೋಡಿ ನನಗೆ ಅಷ್ಟೇನೂ ಧೈರ್ಯ ಬರಲಿಲ್ಲ. ಸಣಕಲು ಮನುಷ್ಯ, ಮಾತು ಕಡಿಮೆ. ಬಂದವರೇ ಕೈಚಾಚಿ ಉದ್ದಣ್ಣನ ಲೈಸೆನ್ಸ್ ಕೇಳಿದರು.

ಉದ್ದಣ್ಣ ಎದ್ದು ನಿಂತು ಜೇಬಿನಿಂದ ತೆಗೆದುಕೊಟ್ಟ. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ. ಕೊಟ್ಟ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಉಳಿಯಿತು.

"ಸರ್, ಅದನ್ನ ಚೀಲಕ್ಕೆ ಹಾಕೋ ಮುಂಚೆ ನನಗೆ ಸ್ವಲ್ಪ ಹೊತ್ತು ಕೊಡಿ" ಎಂದೆ. "ನೀವೇ ಮೆಕ್ಯಾನಿಕ್ ಆಗಬೇಕು."

"ನಾನಾ?"

"ನೀವೇ. ಇದು ಆ್ಯಪ್‌ನ ನಕಲು. ಒಳಗೆ ಹಳೆ ದಾಖಲೆ ಒಂದೂ ಇಲ್ಲ, ಕೋಡ್ ಮಾತ್ರ ಅದೇ. ನಿಮಗೊಂದು ಹೆಸರು ಕೊಟ್ಟಿದ್ದೀನಿ. ಈ ಫೋನ್ ತಗೊಂಡು ಈ ಕಟ್ಟಡದ ಲಿಫ್ಟ್ ಒಳಗೆ ಹೋಗಿ, ಏನಾದ್ರೂ ಒಂದು ಫೋಟೋ ತೆಗೆದು, 'ಕೆಲಸ ಮುಗಿಯಿತು' ಅಂತ ಒತ್ತಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹುಚ್ಚಿ ಅಲ್ಲ ಎಂದು ಖಾತ್ರಿಯಾದ ಮೇಲೆ ಫೋನ್ ತೆಗೆದುಕೊಂಡು ಹೊರಟರು. ಲಿಫ್ಟಿನೊಳಗೆ ಕಾಲಿಡುವ ಮೊದಲು ಬಾಗಿಲಿನ ಬೀಗವನ್ನು ಅಲ್ಲಾಡಿಸಿ ನೋಡಿದ್ದು ನಮಗೆಲ್ಲ ಕೇಳಿಸಿತು. ಬಾಗಿಲು ಮುಚ್ಚಿಕೊಂಡಿತು.

"ಒತ್ತಿದೆ" ಎಂದು ಒಳಗಿನಿಂದ ಕೂಗಿದರು. "ತಿರುಗ್ತಾ ಇದೆ."

"ಉದ್ದಣ್ಣ, ಈಗ ನೀವು ನಿಮ್ಮ ಫೋನಲ್ಲಿ ಇದೇ ನಕಲನ್ನ ತೆರೀರಿ."

"ತೆರೆದು?"

"ಏನೂ ಬೇಡ. ತೆರೆದು ಸುಮ್ಮನೆ ಕೂತ್ಕೊಳ್ಳಿ."

ಅವನು ತೆರೆದ. ಆಮೇಲೆ ಫೋನನ್ನು ಬಿಸಿಪಾತ್ರೆಯಂತೆ ಮೇಜಿನ ಮೇಲಿಟ್ಟು ಕೈ ಹಿಂದಕ್ಕೆಳೆದುಕೊಂಡ. ಮ್ಯಾನೇಜರಮ್ಮ ನನ್ನ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದರು. ಪರದೆಯ ಮೇಲೆ ಮೊದಲು ಏನೂ ಬರಲಿಲ್ಲ. ನನ್ನ ಲೆಕ್ಕ ತಪ್ಪಿದ್ದರೆ ಈ ಮನುಷ್ಯನಿಗೆ ಏನು ಹೇಳಲಿ?

ದಾಖಲೆ ಮೂಡಿತು. ಫೋಟೋದಲ್ಲಿ ಚೆನ್ನಾಗಿ ಪಾಲಿಶ್ ಮಾಡಿದ ಒಂದು ಕಪ್ಪು ಬೂಟು. ಕೆಳಗೆ, ಕೆಲಸ ಮುಗಿಸಿದವರು: ಉದ್ದಣ್ಣ.

ಇನ್ಸ್‌ಪೆಕ್ಟರ್ ಹೊರಬಂದು ಪರದೆ ನೋಡಿದರು. ತಮ್ಮ ಕಾಲು ನೋಡಿಕೊಂಡರು. ಮತ್ತೆ ಪರದೆ ನೋಡಿದರು.

"ಬೂಟು ನನ್ನದು" ಎಂದರು. "ಹೆಸರು ಇವರದ್ದು."

"ಹೌದು ಸರ್. ಇವರು ಈ ಕೋಣೆ ಬಿಟ್ಟು ಹೋಗೇ ಇಲ್ಲ."

"ಇನ್ನೊಂದು ಸಲ."

ಇನ್ನೊಂದು ಸಲವೂ ಹಾಗೆಯೇ ಆಯಿತು, ಈ ಬಾರಿ ಎಡಗಾಲಿನ ಬೂಟು. ಮೂರನೇ ಸಲ ಉದ್ದಣ್ಣನ ಬದಲು ಮ್ಯಾನೇಜರಮ್ಮನೇ ಪುಟ ತೆರೆದರು. ಲಿಫ್ಟ್ ರಿಪೇರಿ ಮಾಡಿದವರು ಮ್ಯಾನೇಜರಮ್ಮ ಎಂದು ಬಂತು. ಅದನ್ನು ನೋಡಿ ಅವರು ಬಾಯಿಗೆ ಕೈ ಅಡ್ಡ ಹಿಡಿದರು. ವಾರವಿಡೀ ನಂಬಿಕೊಂಡಿದ್ದ ದಾಖಲೆ ತನ್ನನ್ನೇ ಮೆಕ್ಯಾನಿಕ್ ಅಂದದ್ದು ಅವರಿಗೆ ಚೆನ್ನಾಗಿಯೇ ತಾಕಿರಬೇಕು.

ಇನ್ಸ್‌ಪೆಕ್ಟರ್ ಚೀಲದೊಳಗಿನ ಫೈಲು ತೆರೆದು ಏನೋ ಹೊಡೆದುಹಾಕಿ, ಏನೋ ಬರೆದರು. ಪ್ಲಾಸ್ಟಿಕ್ ಹಾಳೆಯನ್ನು ಮೊದಲಿದ್ದ ಹಾಗೆಯೇ ಸುತ್ತಿ ಉದ್ದಣ್ಣನ ಕೈಗೆ ವಾಪಸ್ ಕೊಟ್ಟರು.

"ಈ ದಾಖಲೆ ನಂಬಿ ಯಾರ ಮೇಲೂ ಕ್ರಮ ತಗೊಳ್ಳೋಕಾಗಲ್ಲ. ನಿಮ್ಮ ಲೈಸೆನ್ಸ್ ನಿಮ್ಮ ಹತ್ರಾನೇ ಇರಲಿ. ನಾಳೆಯಿಂದ ಕೆಲಸಕ್ಕೆ ಹೋಗಿ." ಬಾಗಿಲ ಹತ್ತಿರ ನಿಂತು ನನ್ನತ್ತ ತಿರುಗಿದರು. "ಒತ್ತಿದ್ದು ಯಾರು ಅನ್ನೋದು ಮಾತ್ರ ನನಗೆ ಬೇಕು. ಸಿಕ್ಕರೆ ಹೇಳಿ."

ಅವರ ಬೂಟಿನ ಸದ್ದು ಮೆಟ್ಟಿಲಿಳಿದು ಹೋಯಿತು.

ಉದ್ದಣ್ಣ ಕುಸಿದು ಕುಳಿತ. ಆ ಉದ್ದನೆಯ ದೇಹ ಕುರ್ಚಿಯಲ್ಲಿ ಅರ್ಧಕ್ಕರ್ಧ ಮಡಿಸಿಕೊಂಡಿತು. ಫೋನ್ ತೆಗೆದು ಹೆಂಡತಿಗೆ ಮಾಡಿದ.

"ಏನೇ... ಆಯ್ತು ಕಣೇ. ಹೂಂ, ಕೊಟ್ರು. ನನ್ನ ಕೈಲೇ ಇದೆ. ಯಾಕೆ ಅಳ್ತೀಯ, ಆಯ್ತು ಅಂದ್ನಲ್ಲ..." ಎಂದವನ ದನಿಯೇ ಒಡೆಯಿತು. ಫೋನನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿದ.

ನನಗೂ ಕಣ್ಣು ತುಂಬಿತು, ಮುಚ್ಚಿಡುವುದೇನು. ನನ್ನ ಕೆಲಸದಲ್ಲಿ ಸಾಮಾನ್ಯವಾಗಿ ತಪ್ಪು ಸಿಕ್ಕರೆ ಯಾರೋ ಒಬ್ಬರು ಕೆಲಸ ಕಳೆದುಕೊಳ್ಳುತ್ತಾರೆ. ತಪ್ಪು ಸಿಕ್ಕಿ ಒಬ್ಬರ ಕೆಲಸ ಉಳಿಯುವುದು ಅಪರೂಪ. ಕಿಟಕಿ ತೆರೆದೆ, ಗಾಳಿ ಬಂತು, ಗೋಡೆಯ ಹಾಳೆ ಪಟಪಟ ಅಂದಿತು. ವಾರದಿಂದ ಉಸಿರು ಕಟ್ಟಿ ಕೂತಿದ್ದ ಆ ಕೋಣೆ ನಿರಾಳವಾಯಿತು.

"ಅಕ್ಕಾ, ಒಂದು ಲೋಟ ನೀರು ಕೊಡಿ" ಎಂದ ಉದ್ದಣ್ಣ. ಕುಡಿದು ಮುಖ ಒರೆಸಿಕೊಂಡ. "ಈಗ ದರ್ಜಿಯಮ್ಮನ್ನ ನೋಡಿಕೊಂಡು ಬರ್ತೀನಿ. ಇಷ್ಟು ದಿನ ಅವರಿರೋ ಆಸ್ಪತ್ರೆ ಗೇಟಿನವರೆಗೆ ಹೋಗಿ ವಾಪಸ್ ಬರ್ತಿದ್ದೆ. ಯಾವ ಮುಖ ಇಟ್ಕೊಂಡು ಒಳಗೆ ಹೋಗಲಿ? ಇವತ್ತು ಹೋಗಬಹುದು."

"ಹೋಗಿ ಬನ್ನಿ. ಅವರಿಗೂ ಹೇಳಿ."

ಮ್ಯಾನೇಜರಮ್ಮ ಅವನ ಎದುರಿಗೆ ಬಂದು ನಿಂತರು. "ಉದ್ದಣ್ಣ, ನೀವು ಹೇಳಿದ್ದನ್ನ ನಾನು ನಂಬಲಿಲ್ಲ. ಯಂತ್ರ ಹೇಳಿದ್ದನ್ನ ನಂಬಿದೆ. ತಪ್ಪಾಯ್ತು."

"ಬಿಡಿ ಮೇಡಂ. ನನಗೇ ಒಂದೊಂದು ಸಲ ಅನುಮಾನ ಬರ್ತಿತ್ತು, ನಾನೇ ಒತ್ತಿ ಮರೆತಿದ್ದೀನೇನೋ ಅಂತ."

ಈಗ ಎಲ್ಲರೂ ನಕ್ಕೆವು. ಇಂಥ ಹೊತ್ತಿನಲ್ಲಿ ನಗು ಸುಲಭವಾಗಿ ಬರುತ್ತದೆ.

"ಇಲ್ಲ, ಬರೀ ಬಾಯಿ ಮಾತಲ್ಲಿ ಆಗಲ್ಲ" ಎಂದು ಮ್ಯಾನೇಜರಮ್ಮ ತಮ್ಮ ಕಂಪ್ಯೂಟರಿನ ಮುಂದೆ ಕೂತರು. "ಕಣ್ಣಿನ ಆಸ್ಪತ್ರೆ ಕೆಲಸ ನೀವು ಮಾಡಿದ್ದು. ಅದು ನಿಮ್ಮ ಹೆಸರಿಗೇ ಬರಬೇಕು. ಈಗಲೇ ತಿದ್ದಿಬಿಡ್ತೀನಿ, ಮುಗಿಸಿಕೊಂಡೇ ಹೋಗಿ."

ಅವರು ಈ ಸಲ ಮೆಕ್ಯಾನಿಕ್ ಹೆಸರು ಹಾಕಿ ಹುಡುಕಲಿಲ್ಲ, ಕಟ್ಟಡದ ಹೆಸರು ಹಾಕಿದರು. ಅವತ್ತಿನ ಕಣ್ಣಿನ ಆಸ್ಪತ್ರೆಯ ದಾಖಲೆ ತಕ್ಷಣ ಸಿಕ್ಕಿತು. ಇಷ್ಟು ದಿನವೂ ಅದು ಅಲ್ಲೇ ಇತ್ತು. 'ತಿದ್ದು' ಎಂದು ಒತ್ತಿ, ಹೊಸ ಹೆಸರಿನ ಜಾಗದಲ್ಲಿ ಉತ್ಸಾಹದಿಂದ ಉದ್ದಣ್ಣನ ಹೆಸರು ಹೊಡೆದರು. ಉಳಿದಿದ್ದು 'ಉಳಿಸು' ಎಂಬ ಗುಂಡಿ ಒತ್ತುವುದಷ್ಟೇ.

ಆಗ ಅವರ ಕಣ್ಣು ಮೇಲಿನ ಸಾಲಿಗೆ ಹೋಯಿತು. ಈಗಿರುವ ಹೆಸರು, ಅಂದರೆ ಅವತ್ತು ಉದ್ದಣ್ಣನ ಕೆಲಸದ ಮೇಲೆ ತಪ್ಪಿ ಬಿದ್ದ ಹೆಸರು.

ಅವರ ಬೆನ್ನು ನೆಟ್ಟಗಾಯಿತು. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಅಲ್ಲಿದ್ದದ್ದು ಅವರ ಗಂಡನ ಹೆಸರು.

ನನಗೆ ಇದು ಮೊದಲೇ ಹೊಳೆಯಬೇಕಿತ್ತು, ಸಂತೋಷ ಮಂಕು ಕವಿಸಿತ್ತು. ಉದ್ದಣ್ಣನ ಹೆಸರು ಬೇರೆಯವರ ಕೆಲಸಕ್ಕೆ ಬಿದ್ದಿದ್ದರೆ, ಉದ್ದಣ್ಣನ ಕೆಲಸಕ್ಕೂ ಬೇರೆ ಯಾರದೋ ಹೆಸರು ಬಿದ್ದಿರಬೇಕು. ಅದು ಅವನ ಫೋಟೋ ತಿರುಗುತ್ತಿದ್ದ ಹೊತ್ತಿಗೆ ಆ್ಯಪ್‌ನೊಳಗಿದ್ದ ಮನುಷ್ಯನದ್ದು. ಎರಡು ವರ್ಷದಿಂದ ತೆರೆದೇ ಇಲ್ಲ, ಪಾಸ್‌ವರ್ಡೂ ನೆನಪಿಲ್ಲ ಎಂದವನು ಅವತ್ತು ಬೆಳಿಗ್ಗೆ ಒಳಗಿದ್ದ. ದರ್ಜಿಯಮ್ಮನ ಕಟ್ಟಡಕ್ಕೆ ಒಪ್ಪಿಗೆ ಒತ್ತಿದ್ದೂ ಅವನೇನಾ, ಬೇರೇನು ಮಾಡುತ್ತಿದ್ದನೋ ಎಂಬುದು ನನಗೆ ಗೊತ್ತಿಲ್ಲ. ಇದ್ದ ಎಂಬುದಕ್ಕೆ ಈ ಜಗತ್ತಿನಲ್ಲಿ ಉಳಿದಿರುವುದು ಈ ಒಂದು ಸಾಲು. ತಿದ್ದಿದರೆ ಹಳೆಯದನ್ನು ಈ ಆ್ಯಪ್ ಎಲ್ಲೂ ಎತ್ತಿಡುವುದಿಲ್ಲ, ಅದನ್ನು ನಾನು ಬೆಳಿಗ್ಗೆಯೇ ಓದಿ ನೋಡಿದ್ದೆ.

"ಜಾಡಮ್ಮ." ಮ್ಯಾನೇಜರಮ್ಮನ ದನಿ ನನಗಷ್ಟೇ ಕೇಳುವಂತಿತ್ತು. "ಹೆಸರುಗಳು ತಪ್ಪು ತಪ್ಪಾಗಿ ಬೀಳುತ್ವೆ ಅಂತ ಈಗ ತಾನೇ ತೋರಿಸಿದ್ರಲ್ಲ. ಇದೂ ಹಾಗೇ ಬಿದ್ದಿರಬಹುದಲ್ವಾ?"

"ಬೀಳೋ ಜಾಗ ತಪ್ಪಿರಬಹುದು. ಆದ್ರೆ ಬೀಳಬೇಕಾದ್ರೆ ಅವರು ಒಳಗೆ ಬಂದಿರಲೇಬೇಕು."

ಅವರು ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಮತ್ತೆ ಓದಿದರು. ಮೌಸ್‌ನ ಬಾಣ 'ಉಳಿಸು' ಗುಂಡಿಯ ಮೇಲೆಯೇ ನಿಂತಿತ್ತು, ಬೆರಳು ಮೌಸ್‌ನ ಮೇಲಿತ್ತು. ಅದನ್ನು ಒತ್ತುವುದರಲ್ಲಿ ಯಾವ ಸುಳ್ಳೂ ಇರಲಿಲ್ಲ. ಕೆಲಸ ಉದ್ದಣ್ಣನದ್ದೇ, ಹೆಸರೂ ಅವನದ್ದೇ.

ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಉದ್ದಣ್ಣನಿಗೆ ಅಲ್ಲಿಂದ ಪರದೆ ಕಾಣುತ್ತಿರಲಿಲ್ಲ. ಅವನು ಮುಖ ತುಂಬ ನಗುತ್ತಿದ್ದ.

"ಯಾಕೆ ನಿಲ್ಲಿಸಿದ್ರಿ ಮೇಡಂ? ಒತ್ತಿಬಿಡಿ, ನನ್ನ ಹೆಸರು ಬಂದಿದ್ದನ್ನ ಒಂದು ಸಲ ಕಣ್ಣಾರೆ ನೋಡಿ ಹೋಗ್ತೀನಿ."